ತೊಟ್ಟಿಕ್ಕಿದ ಜಾಗ, ಸೋರಿದ ಜಾಗ

ತಿಪಟೂರಿನ ನಮ್ಮ ಮನೆಯ ಕಾರ್ ಶೆಡ್ಡಿನ ನೆಲದಲ್ಲಿ ಒಂದು ಕಪ್ಪು ಕಲೆಯಿದೆ. ಅದು ನನಗಿಂತ ಹಳೆಯದು. ಕೊಬ್ಬರಿ ಮಂಡಿ ನಡೆಸುತ್ತಿದ್ದ ತಾತ 1986ರಲ್ಲಿ ಕೊಂಡ ಅಂಬಾಸಿಡರ್ ಕಾರು ಅಲ್ಲೇ ನಿಲ್ಲುತ್ತಿತ್ತು, ಅಲ್ಲೇ ತೊಟ್ಟಿಕ್ಕುತ್ತಿತ್ತು. ಅಂಗಳ ಗಲೀಜಾಗುತ್ತದೆಂದು ಅಜ್ಜಿ ಹಳೆಯ ಅಲ್ಯೂಮಿನಿಯಂ ತಟ್ಟೆಯೊಂದನ್ನು ಕಾರಿನ ಅಡಿಗೆ ಇಟ್ಟಿದ್ದಳು. "ಎಲ್ಲಾರ್ಗೂ ತಟ್ಟೆ ಇಟ್ಟಿದೀನಿ, ಅದಕ್ಕೂ ಒಂದು ಇರ್ಲಿ" ಎನ್ನುವುದು ಅವಳ ಮಾತು. ತಟ್ಟೆಯಲ್ಲಿ ವಾರಕ್ಕೊಂದು ಚಮಚೆಯಷ್ಟು ಕಪ್ಪು ಎಣ್ಣೆ ಸೇರುತ್ತಿತ್ತು. ಅದನ್ನು ಯಾರೂ ರೋಗವೆಂದು ತಿಳಿದಿರಲಿಲ್ಲ.

ತಾತ ತೀರಿಕೊಂಡ ಮೇಲೆ ಕಾರು ಒಂದೂವರೆ ವರ್ಷ ನಿಂತೇ ಇತ್ತು. ಆರ್‌ಸಿ ನವೀಕರಣದ ದಿನ ಹತ್ತಿರ ಬಂದಾಗ ಅಪ್ಪ ಹೊಸ ಬ್ಯಾಟರಿ ಹಾಕಿಸಿ ಚಾಲೂ ಮಾಡಿಸಿದರು. ಎಂಜಿನ್ನು ಹಿಡಿಯಿತು. ಆದರೆ ಎರಡೇ ವಾರದಲ್ಲಿ ಅಂಗೈ ಅಗಲದ ಕಲೆ ಮೊರದಗಲವಾಯಿತು. ಅಜ್ಜಿಯ ತಟ್ಟೆ ಒಂದು ರಾತ್ರಿಗೆ ತುಂಬುವ ಹಾಗಾಯಿತು. ಊರಿನ ಗ್ಯಾರೇಜೊಂದರಲ್ಲಿ ತೋರಿಸಿದಾಗ ಹುಡುಗನೊಬ್ಬ ಕಾರಿನ ಕೆಳಗೆ ನುಸುಳಿ, ಟಾರ್ಚು ಬಿಟ್ಟು ನೋಡಿ, ಎರಡು ನಿಮಿಷದಲ್ಲಿ ಹೊರಬಂದ. ಎಂಜಿನ್ನಿನ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಸೇರುವ ಕಡೆ ಎಣ್ಣೆ ಸುರಿಯುತ್ತಿದೆ, ಕ್ರ್ಯಾಂಕಿನ ಹಿಂದಿನ ಸೀಲು ಹೋಗಿದೆ, ಎಂಜಿನ್ ಇಳಿಸಬೇಕು, ಇಳಿಸಿದ ಮೇಲೆ ಇನ್ನೇನೇನು ಸಿಗುತ್ತದೋ ಹೇಳಲಾಗದು. ಅವನು ಹೇಳಿದ ಮೊತ್ತ ಕೇಳಿ ಅಪ್ಪ ಸುಮ್ಮನಾದರು. ರಾತ್ರಿ ಊಟದ ಹೊತ್ತಿಗೆ, "ಗುಜರಿಗೆ ಕೊಟ್ಬಿಡೋಣ, ಸಾಕು" ಅಂದರು. ಅಜ್ಜಿ ಏನೂ ಹೇಳಲಿಲ್ಲ. ಅನ್ನದ ತಟ್ಟೆ ಅರ್ಧಕ್ಕೆ ಬಿಟ್ಟು ಎದ್ದಳು.

ಆ ದಿನಗಳಲ್ಲಿ ನಾನು ಊರಿನಲ್ಲಿದ್ದುದು ನನ್ನದೇ ಒಂದು ಸೋರಿಕೆಯ ದೆಸೆಯಿಂದ. ಹಳೆಯ ಮೈಸೂರು ಸೀಮೆಯ ಮೋಟಾರು ಸಾರಿಗೆಯ ಚರಿತ್ರೆ ನನ್ನ ಪಿಎಚ್‌ಡಿ ವಿಷಯ. ಒಂದು ತಾಲ್ಲೂಕಿಗೆ ಮೊದಲ ಬಸ್ಸು ಯಾವ ವರ್ಷ ಬಂತು ಎನ್ನುವುದಕ್ಕೆ ಅಧ್ಯಾಯವೊಂದರಲ್ಲಿ ನಾನು ಮೂರು ಆಧಾರ ಕೊಟ್ಟಿದ್ದೆ. ಮೂರು ಪುಸ್ತಕಗಳೂ ಒಂದೇ ವರ್ಷವನ್ನು ಹೇಳುತ್ತಿದ್ದವು. ಮೂರು ಕಡೆ ಇದ್ದರೆ ಗಟ್ಟಿ ಎಂದುಕೊಂಡಿದ್ದೆ. ನನ್ನ ಮಾರ್ಗದರ್ಶಕರು ಅಧ್ಯಾಯವನ್ನು ಹಿಂದಿರುಗಿಸಿ, ಅಂಚಿನಲ್ಲಿ ಒಂದೇ ಸಾಲು ಬರೆದಿದ್ದರು: ಈ ಮೂವರಿಗೂ ಇದನ್ನು ಹೇಳಿದವರು ಯಾರು? ಹುಡುಕಿದಾಗ ಮೂರೂ ಪುಸ್ತಕಗಳು ಒಂದು ಜಾತ್ರೆಯ ಸ್ಮರಣ ಸಂಚಿಕೆಯಿಂದ ಎತ್ತಿಕೊಂಡಿದ್ದು ತಿಳಿಯಿತು. ಆ ಸಂಚಿಕೆಯ ಲೇಖಕರು ಯಾರಿಂದಲೋ ಕೇಳಿದ್ದನ್ನು ಬರೆದಿದ್ದರು. ಹನಿ ಬಿದ್ದ ಮೂರು ಜಾಗಗಳನ್ನು ನಾನು ಮೂರು ತೂತುಗಳೆಂದು ಎಣಿಸಿದ್ದೆ.

ಹಾಗಾಗಿ ಗುಜರಿಯ ಮಾತು ಬಂದಾಗ, "ಇನ್ನೊಬ್ಬರಿಗೆ ತೋರಿಸೋಣ ಅಪ್ಪ" ಅಂದೆ. ಮೂವತ್ತು ವರ್ಷ ತಾತನ ಕಾರು ನೋಡಿಕೊಂಡಿದ್ದ ಮೇಸ್ತ್ರಿ ಅಂಗಡಿ ಮುಚ್ಚಿ ಮಗನ ಮನೆಯಲ್ಲಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಮಂಡಿನೋವು. "ನಾನು ಕೆಳಕ್ಕೆ ನುಗ್ಗಾಕಾಗಲ್ಲ. ನೀನು ನುಗ್ತೀಯೇನಮ್ಮ?" ಅಂದರು. ನುಗ್ಗುತ್ತೇನೆ ಅಂದೆ.

ಮೇಸ್ತ್ರಿ ಬಂದ ಮೇಲೆ ನಡೆದದ್ದನ್ನು ಹೇಳುವ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಆ ವಾರ ಹಗಲು ಕಾರಿನ ಕೆಳಗೆ ಮಲಗಿ, ರಾತ್ರಿ ಪುಸ್ತಕ ಹಿಡಿದು ಕೂತಾಗ ನನಗೆ ಹೊಳೆದದ್ದು, 'ಸೋರಿಕೆ' ಎನ್ನುವ ಮಾತಿಗೇ ಒಂದು ಚರಿತ್ರೆಯಿದೆ ಎನ್ನುವುದು.

ಎತ್ತಿನ ಗಾಡಿಯ ಅಚ್ಚಿಗೆ ನಮ್ಮವರು ಕೀಲೆಣ್ಣೆ ಹಾಕುತ್ತಿದ್ದರು. ಅದು ಇಳಿದು ನೆಲಕ್ಕೆ ಬೀಳುತ್ತಿತ್ತು, ಮತ್ತೆ ಹಾಕುತ್ತಿದ್ದರು. ಅದನ್ನು ಸೋರಿಕೆ ಎಂದು ಯಾರೂ ಕರೆಯಲಿಲ್ಲ. ಆರಂಭದ ಮೋಟಾರು ಎಂಜಿನ್‌ಗಳಲ್ಲಿ ಅನೇಕವು ಇದೇ ಗಾಡಿಯ ಲೆಕ್ಕದವು. ಮೇಲಿನಿಂದ ಹನಿಹನಿಯಾಗಿ ಎಣ್ಣೆ ಇಳಿದು, ಬೇರಿಂಗುಗಳನ್ನು ನೆನೆಸಿ, ಸುಟ್ಟೋ ತೊಟ್ಟಿಕ್ಕಿಯೋ ಹೊರಹೋಗುತ್ತಿತ್ತು. ಮೊದಲ ಮಹಾಯುದ್ಧದ ವಿಮಾನಗಳ ಗ್ನೋಮ್ ರೋಟರಿ ಎಂಜಿನ್‌ಗಳು ಹೀಗೇ ಹರಳೆಣ್ಣೆ ಕುಡಿದು ಉಗುಳುತ್ತಿದ್ದವು. ಹರಳೆಣ್ಣೆ ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದಿಲ್ಲವೆಂಬ ಕಾರಣಕ್ಕೆ ಅದನ್ನು ಆರಿಸಿದ್ದರು. ಇವತ್ತಿಗೂ ಅಂಗಡಿಗಳಲ್ಲಿ ಕಾಣುವ ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೂ ಇಂಗ್ಲಿಷಿನಲ್ಲಿ ಹರಳೆಣ್ಣೆಗಿರುವ 'ಕ್ಯಾಸ್ಟರ್' ಎಂಬ ಮಾತಿನಿಂದ. ಆ ಎಂಜಿನ್ನುಗಳಲ್ಲಿ ಎಣ್ಣೆ ಹೊರಹೋಗುವುದೇ ಸರಿಯಾದ ಕ್ರಮ. ಹೋಗದಿದ್ದರೆ ಏನೋ ಕೆಟ್ಟಿದೆ ಎಂದರ್ಥ.

ಎಣ್ಣೆಯನ್ನು ಅಡಿಯ ಬಾನಿಯಲ್ಲಿ, ಅಂದರೆ ನಮ್ಮ ಮೆಕ್ಯಾನಿಕ್‌ಗಳು ಚೇಂಬರ್ ಎನ್ನುವ ತೊಟ್ಟಿಯಲ್ಲಿ ಇಟ್ಟು, ಪಂಪಿನಿಂದ ಮೇಲಕ್ಕೆತ್ತಿ, ಅದನ್ನೇ ಮತ್ತೆ ಮತ್ತೆ ಸುತ್ತಿಸುವ ಪದ್ಧತಿ ಬಂದ ಮೇಲೆಯೇ 'ಒಳಗೆ' ಮತ್ತು 'ಹೊರಗೆ' ಎಂಬ ಭೇದ ಹುಟ್ಟಿತು. ಒಳಗಿರಬೇಕಾದ್ದು ಹೊರಗೆ ಬಂದರೆ ಸೋರಿಕೆ. ಆಗ ಒಂದು ಕಷ್ಟದ ಪ್ರಶ್ನೆ ಎದುರಾಯಿತು. ನಿಂತ ಎರಡು ಲೋಹದ ತುಂಡುಗಳ ನಡುವೆ ಕಾಗದವನ್ನೋ ಕಾರ್ಕನ್ನೋ ಇಟ್ಟು ಬಿಗಿದರೆ ಎಣ್ಣೆ ನಿಲ್ಲುತ್ತದೆ. ಆದರೆ ನಿಮಿಷಕ್ಕೆ ಸಾವಿರಾರು ಸಲ ತಿರುಗುವ ಕ್ರ್ಯಾಂಕಿನ ತುದಿ ಎಂಜಿನ್ನಿನ ಗೋಡೆಯನ್ನು ದಾಟಿ ಹೊರಬರಲೇಬೇಕು. ಆ ಬಾಗಿಲನ್ನು ಮುಚ್ಚುವುದು ಹೇಗೆ?

ಸುತ್ತ ಬಟ್ಟೆಯ ಕಂಬಳಿಯಂಥ ಫೆಲ್ಟ್ ಇಟ್ಟರು. ಗ್ರಾಫೈಟ್ ಸವರಿದ ಹಗ್ಗ ಸುತ್ತಿದರು. ಚರ್ಮ ಇಟ್ಟರು. ಜರ್ಮನಿಯ ವೈನ್‌ಹೈಮ್ ಊರಿನ ಫ್ರಾಯ್ಡನ್‌ಬರ್ಗ್ ಕಂಪನಿ 1849ರಲ್ಲಿ ಚರ್ಮ ಹದಮಾಡುವ ಕಾರ್ಖಾನೆಯಾಗಿ ಶುರುವಾದದ್ದು. ಆರ್ಥಿಕ ಮುಗ್ಗಟ್ಟಿನ 1929ರಲ್ಲಿ ತನ್ನ ಚರ್ಮಕ್ಕೆ ಹೊಸ ಉಪಯೋಗ ಹುಡುಕುತ್ತ ಯಂತ್ರಗಳ ಸೀಲುಗಳನ್ನು ಮಾಡತೊಡಗಿತು. ಅಲ್ಲಿನ ಎಂಜಿನಿಯರ್ ವಾಲ್ಟರ್ ಸಿಮ್ಮರ್ ರೂಪಿಸಿದ, ತಿರುಗುವ ದಂಡವನ್ನು ತುಟಿಯಿಂದ ಹಿಡಿದಂತೆ ಕೂರುವ ಉಂಗುರವೇ ಇಂದಿನ ಎಲ್ಲ ಆಯಿಲ್ ಸೀಲುಗಳ ಹಿರಿಯ. ಮೂವತ್ತರ ದಶಕದಲ್ಲೇ ಚರ್ಮದ ಜಾಗಕ್ಕೆ ಎಣ್ಣೆಗೆ ಜಗ್ಗದ ಕೃತಕ ರಬ್ಬರು ಬಂತು. ಮರದ ಹಾಲಿನಿಂದ ಮಾಡಿದ ರಬ್ಬರು ಎಣ್ಣೆಯಲ್ಲಿ ಉಬ್ಬಿ ಕೆಡುತ್ತದೆ. ಪ್ರಯೋಗಶಾಲೆಯ ನೈಟ್ರೈಲ್ ರಬ್ಬರು ತಡೆದುಕೊಳ್ಳುತ್ತದೆ. ನಮ್ಮ ಇಂದಿನ ಕಾರುಗಳು ನೆಲಕ್ಕೆ ಹನಿ ಬೀಳಿಸದೆ ನಿಲ್ಲುವುದಕ್ಕೆ ಈ ರಬ್ಬರಿನ ತುಟಿ ಮುಖ್ಯ ಕಾರಣ.

ಆದರೆ ಅಂಬಾಸಿಡರಿನ ಎಂಜಿನ್ನಿಗೆ ಹಿಂದೆ ಅಂಥ ತುಟಿಯಿಲ್ಲ.

ಅದರ ವಂಶವನ್ನು ನೋಡಿ. ಕಾರಿನ ಮೈ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯದು. ಎಂಜಿನ್ನು ಆಸ್ಟಿನ್ ಮನೆತನದ್ದು. 1947ರ ಆಸ್ಟಿನ್ ಎ40 ಕಾರಿನೊಂದಿಗೆ ಶುರುವಾದ ಪೀಳಿಗೆ. 1952ರಲ್ಲಿ ಎರಡೂ ಕಂಪನಿಗಳು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಆಗಿ ಒಂದಾದ ಮೇಲೆ ಅದಕ್ಕೆ ಬಿ-ಸೀರೀಸ್ ಎಂಬ ಹೆಸರು ನಿಂತಿತು. 1942ರಲ್ಲಿ ಬಿರ್ಲಾ ಮನೆತನ ಗುಜರಾತಿನ ಓಖಾದಲ್ಲಿ ಶುರುಮಾಡಿದ ಹಿಂದೂಸ್ತಾನ್ ಮೋಟರ್ಸ್, ಸ್ವಾತಂತ್ರ್ಯದ ನಂತರ ಬಂಗಾಳದ ಉತ್ತರಪಾಡಾಕ್ಕೆ ಬಂದಿತ್ತು. ಅಲ್ಲಿ ಐವತ್ತರ ದಶಕದ ಕೊನೆಗೆ ಅಂಬಾಸಿಡರ್ ಹುಟ್ಟಿತು. 1959ರಲ್ಲಿ ಅದಕ್ಕೆ 1489 ಸಿಸಿಯ ಬಿ-ಸೀರೀಸ್ ಎಂಜಿನ್ ಕೂತಿತು. ತಾತನ 1986ರ ಕಾರಿನ ಬಾನೆಟ್ ಎತ್ತಿದರೆ ಕಾಣುವುದು ಆ ಪೀಳಿಗೆಯದೇ ಎಂಜಿನ್ನು.

ಈ ಎಂಜಿನ್ನಿನ ಕ್ರ್ಯಾಂಕಿನ ಹಿಂದುಗಡೆ ಎಣ್ಣೆ ತಡೆಯಲು ಇರುವುದು ಒಂದು ಮರೆ, ಅಂದರೆ ಬೋಲ್ಟಿಗೆ ಕೊರೆಯುವಂಥ ತಿರುಪುಗೆರೆ. ಕ್ರ್ಯಾಂಕು ತಿರುಗುವಾಗ ಆ ಮರೆಯೂ ತಿರುಗಿ, ಹೊರಗೆ ಹೊರಟ ಎಣ್ಣೆಯನ್ನು ಒಳಕ್ಕೇ ತಿರುಪಿಕೊಂಡು ಹೋಗುತ್ತದೆ. ಮರೆಗೂ ಅದರ ಸುತ್ತಲಿನ ಗೋಡೆಗೂ ನಡುವೆ ಕೂದಲೆಳೆಯಷ್ಟು ಸಂದು. ಯಾವುದೂ ಯಾವುದನ್ನೂ ಮುಟ್ಟುವುದಿಲ್ಲ, ಹಾಗಾಗಿ ಸವೆಯುವುದೂ ಇಲ್ಲ. ಜಾಣ ಉಪಾಯ. ಆದರೆ ಅದು ಕೆಲಸ ಮಾಡುವುದು ತಿರುಗುವಾಗ ಮಾತ್ರ. ಎಂಜಿನ್ ನಿಂತಾಗ ಮರೆಯ ಗೆರೆಯಲ್ಲಿ ಉಳಿದ ಎಣ್ಣೆ ತನ್ನ ಪಾಡಿಗೆ ಹೊರಗಿಳಿಯುತ್ತದೆ. ಎಂಜಿನ್ ಮಾಡಿದವರಿಗೆ ಇದು ಗೊತ್ತಿತ್ತು. ಆ ಕಾಲದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಕ್ಲಚ್ ಇರುವ ಗೂಡಿನ ತಳದಲ್ಲಿ ಒಂದು ಸಣ್ಣ ತೂತು ಬಿಟ್ಟು, ಅದು ಕೆಸರಿನಿಂದ ಮುಚ್ಚಿಹೋಗದಂತೆ ಒಂದು ಸ್ಪ್ಲಿಟ್ ಪಿನ್ನನ್ನು ಸಡಿಲವಾಗಿ ಇಳಿಬಿಡುತ್ತಿದ್ದರು. ಕಾರು ಅಲುಗಿದಂತೆ ಪಿನ್ನೂ ಅಲುಗಿ ತೂತನ್ನು ತೆರೆದಿಡುತ್ತದೆ. ಬಂದೇ ಬರುವ ಎಣ್ಣೆಗೆ ಬಿಟ್ಟ ಬಚ್ಚಲು ಅದು. ಬರುವ ಎಣ್ಣೆ ಒಳಗೆ ನಿಂತು ಕ್ಲಚ್ ಪ್ಲೇಟನ್ನು ನೆನೆಸದಿರಲಿ ಎಂಬುದಷ್ಟೇ ಅವರ ಕಾಳಜಿ.

ಇದೇ ಬಿ-ಸೀರೀಸ್ ಎಂಜಿನ್ ಇಂಗ್ಲೆಂಡಿನ ಎಂಜಿಬಿ ಸ್ಪೋರ್ಟ್ಸ್ ಕಾರಿನಲ್ಲಿ 1964ರಲ್ಲಿ ಮೂರರ ಬದಲು ಐದು ಮೇನ್ ಬೇರಿಂಗಿನದಾದಾಗ, ಹಿಂದೆ ರಬ್ಬರ್ ಸೀಲನ್ನೂ ಪಡೆಯಿತು. ನಮ್ಮದು ಹಳೆಯ ಮೂರು ಬೇರಿಂಗಿನದಾಗಿಯೇ ಉಳಿಯಿತು. ಕೊಳ್ಳುವವರು ವರ್ಷಗಟ್ಟಲೆ ಸರದಿಯಲ್ಲಿ ಕಾಯುತ್ತಿದ್ದ ಕಾಲದಲ್ಲಿ ಬದಲಿಸುವ ಅವಸರ ಯಾರಿಗೂ ಇರಲಿಲ್ಲ. ಅಜ್ಜಿಯ ತಟ್ಟೆಯಲ್ಲಿ ವಾರಕ್ಕೊಂದು ಚಮಚೆ ಸೇರುತ್ತಿದ್ದುದರ ಹಿಂದೆ ಆ ಚರಿತ್ರೆಯಿತ್ತು. ಪ್ರಶ್ನೆ ಈಗ ಬೇರೆ: ಒಂದು ಚಮಚೆ ಒಂದು ತಟ್ಟೆಯಾದದ್ದೇಕೆ?

ಮೇಸ್ತ್ರಿ ಬಂದವರು ಕಾರನ್ನು ನೋಡಲಿಲ್ಲ. ತಟ್ಟೆಯನ್ನು ನೋಡಿದರು. ಎಣ್ಣೆಯನ್ನು ಬೆರಳಿಗೆ ಹಚ್ಚಿ ಮೂಸಿದರು. "ಮೊದ್ಲು ಇದು ಯಾವ ಎಣ್ಣೆ ಅಂತ ಗೊತ್ತಾಗ್ಬೇಕು" ಅಂದರು. ಗೇರ್ ಆಯಿಲ್ ಆದರೆ ಮೂಗಿಗೆ ಹೊಡೆಯುವ ಗಂಧಕದಂಥ ವಾಸನೆ. ಬ್ರೇಕ್ ಆಯಿಲ್ ತಿಳಿ, ಪೇಂಟನ್ನು ತಿನ್ನುತ್ತದೆ. ಪೆಟ್ರೋಲ್ ಬೆರಳಲ್ಲೇ ಆರಿಹೋಗುತ್ತದೆ. ಇದು ಕಪ್ಪಗೆ, ಜಾರುವ, ಸ್ವಲ್ಪ ಸುಟ್ಟ ವಾಸನೆಯದು. ಎಂಜಿನ್ನಿನದೇ. ಡಿಪ್ ಸ್ಟಿಕ್ ತೆಗೆದು ನೋಡಿದರೆ ಕೆಳಗಿನ ಗೆರೆಗೂ ಇಳಿದಿತ್ತು. ಒಂದು ಮಿಲಿಲೀಟರಿಗೆ ಸುಮಾರು 20 ಹನಿ ಎಂದು ನಾನು ಲೆಕ್ಕ ಹಾಕಿ ನೋಡಿದೆ. ನಿಮಿಷಕ್ಕೊಂದು ಹನಿ ಬಿದ್ದರೂ ದಿನಕ್ಕೆ 1440 ಹನಿ, ಅಂದರೆ 72 ಮಿಲಿಲೀಟರ್. ಎರಡು ವಾರಕ್ಕೆ ಒಂದು ಲೀಟರ್. ಚೇಂಬರು ಹಿಡಿಯುವುದೇ ಸುಮಾರು 4 ಲೀಟರ್. ನೆಲದ ಮೇಲಿನ ಕಲೆಗೆ ಹೆದರುವುದಕ್ಕಿಂತ ಈ ಲೆಕ್ಕಕ್ಕೆ ಹೆದರಬೇಕು. ಎಣ್ಣೆ ತೀರಿದರೆ ಬೇರಿಂಗ್ ತಿಂದುಕೊಳ್ಳುತ್ತದೆ, ಆಗ ಎಂಜಿನ್ನೇ ಇರುವುದಿಲ್ಲ.

"ಆ ಹುಡುಗ ಕೆಳಗೆ ನೋಡ್ದ. ಎಣ್ಣೆ ಕೆಳಗೇ ಇರುತ್ತೆ. ಬಿದ್ದಿರೋದು ನೋಡಬ್ಯಾಡ ಕಣಮ್ಮ, ಹೊರಟಿರೋದು ನೋಡು."

ಮೊದಲ ಕೆಲಸ ತೊಳೆಯುವುದು. ಮೂವತ್ತೆಂಟು ವರ್ಷದ ಎಣ್ಣೆ, ಧೂಳು, ಕೊಬ್ಬರಿ ನಾರು ಸೇರಿ ಎಂಜಿನ್ನಿನ ಮೈಮೇಲೆ ಬೆರಳು ದಪ್ಪದ ಕರಿ ಮಡ್ಡಿ ಕಟ್ಟಿತ್ತು. ಸೀಮೆಎಣ್ಣೆ, ಹಳೇ ಪೇಂಟ್ ಬ್ರಷ್ಷು, ಬನಿಯನ್ ವೇಸ್ಟು. ಒಂದು ಇಡೀ ದಿನ ನಾನು ಕೆರೆದೆ. ಹಳೆಯ ಮಡ್ಡಿ ಇರುವಾಗ ಎಲ್ಲವೂ ಸೋರುತ್ತಿರುವಂತೆಯೇ ಕಾಣುತ್ತದೆ. ಹಳೆಯ ಸೋರಿಕೆ ಯಾವುದು, ಇವತ್ತಿನದು ಯಾವುದು ತಿಳಿಯುವುದಿಲ್ಲ. ಮೈ ಒಣಗಿದ ಮೇಲೆ ಮೇಸ್ತ್ರಿ ಅಜ್ಜಿಯ ಹತ್ತಿರ ಮುಖಕ್ಕೆ ಹಾಕುವ ಪೌಡರ್ ಡಬ್ಬಿ ಕೇಳಿದರು. ಎಂಜಿನ್ನಿನ ಎರಡೂ ಪಕ್ಕಕ್ಕೆ, ಚೇಂಬರಿನ ಅಂಚಿಗೆ ಪೌಡರ್ ಉದುರಿಸಿದೆವು. ಅಜ್ಜಿ ಬಂದು ನೋಡಿ, "ಮದುವೆ ಹೆಣ್ಣಿನಂಗೆ ಮಾಡಿದೀರಲ್ಲ" ಅಂದಳು. ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಎಣ್ಣೆಯ ದಾರಿ ಹುಡುಕಲು ಈಗ ದೊಡ್ಡ ಗ್ಯಾರೇಜುಗಳಲ್ಲಿ ಬೇರೆ ಉಪಾಯವಿದೆ. ಎಂಜಿನ್ ಆಯಿಲಿಗೆ ಹೊಳೆಯುವ ಬಣ್ಣ ಬೆರೆಸಿ, ಓಡಿಸಿ, ನೇರಳಾತೀತ ದೀಪ ಹಿಡಿದರೆ ಎಣ್ಣೆ ಹೊರಟ ಜಾಗ ಹಸಿರು ಹಳದಿಯಾಗಿ ಬೆಳಗುತ್ತದೆ. ಬಣ್ಣ ಹಾಕಿ ಮೂಲ ಹುಡುಕುವ ಈ ವಿದ್ಯೆ ಕಾರಿಗಿಂತ ಹಳೆಯದು. ಜರ್ಮನಿಯ ದಕ್ಷಿಣದಲ್ಲಿ ಡ್ಯಾನ್ಯೂಬ್ ನದಿ ಇಮ್ಮೆಂಡಿಂಗೆನ್ ಎಂಬಲ್ಲಿ ನೆಲದೊಳಗೆ ಇಂಗಿಹೋಗುತ್ತದೆ. ಅಲ್ಲಿಂದ ಸುಮಾರು 12 ಕಿಲೋಮೀಟರ್ ದೂರದಲ್ಲಿ ಆಖ್ ಎಂಬ ದೊಡ್ಡ ಒರತೆಯಿದೆ. ಆ ನೀರು ಈ ನೀರೇ ಹೌದೋ ಅಲ್ಲವೋ ಎಂಬುದು, ನೀರು ನೆಚ್ಚಿಕೊಂಡಿದ್ದ ಕಾರ್ಖಾನೆಗಳಿಗೆ ಬದುಕಿನ ಪ್ರಶ್ನೆಯಾಗಿತ್ತು. 1877ರಲ್ಲಿ ಅಡಾಲ್ಫ್ ಕ್ನೋಪ್ ಎಂಬ ಭೂವಿಜ್ಞಾನಿ ನದಿ ಇಂಗುವಲ್ಲಿ 10 ಕಿಲೋ ಫ್ಲೋರೆಸೀನ್ ಬಣ್ಣವನ್ನು ಸುರಿಸಿದರು. ರಸಾಯನ ವಿಜ್ಞಾನಿ ಬೇಯರ್ ಆ ಬಣ್ಣವನ್ನು ತಯಾರಿಸಿ ಆಗ ಆರೇ ವರ್ಷವಾಗಿತ್ತು. ಸುಮಾರು ಎರಡೂವರೆ ದಿನದ ಮೇಲೆ ಆಖ್ ಒರತೆ ಹಸಿರಾಗಿ ಹೊಳೆಯಿತು. ಕಪ್ಪು ಸಮುದ್ರಕ್ಕೆ ಹೋಗಬೇಕಾದ ಡ್ಯಾನ್ಯೂಬಿನ ನೀರು ನೆಲದಡಿಯಲ್ಲಿ ದಾರಿ ತಪ್ಪಿಸಿಕೊಂಡು ರೈನ್ ನದಿಗೆ ಸೇರುತ್ತಿತ್ತು. ಒರತೆಯ ದಡದಲ್ಲಿ ನಿಂತು ನೋಡಿದವರಿಗೆ ಅದು ಒರತೆಯದೇ ನೀರು. ಗ್ಯಾರೇಜಿನ ಹುಡುಗನಿಗೂ ನನಗೂ ಆದದ್ದು ಅದೇ.

ನಮಗೆ ಬಣ್ಣವಿರಲಿಲ್ಲ, ಪೌಡರ್ ಇತ್ತು. ಎಂಜಿನ್ ಚಾಲೂ ಮಾಡಿ ಕಾಲು ಗಂಟೆ ಬಿಟ್ಟೆವು. ಮೇಸ್ತ್ರಿ ಸ್ಟೂಲಿನ ಮೇಲೆ ಕೂತು ನಾನು ಎಲ್ಲಿ ನೋಡಬೇಕೆಂದು ಹೇಳುತ್ತಿದ್ದರು. ಮೇಲಿನಿಂದ ಶುರುಮಾಡು. ಮುಂದಿನಿಂದ ಶುರುಮಾಡು. ಎಣ್ಣೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಕಾರು ಓಡುವಾಗ ಗಾಳಿ ಅದನ್ನು ಮುಂದಿನಿಂದ ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಎಲ್ಲೇ ಹೊರಟ ಎಣ್ಣೆಯೂ ಕೊನೆಗೆ ಸೇರುವುದು ಎಂಜಿನ್ನಿನ ಹಿಂದಿನ ತಳಕ್ಕೆ. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಒದ್ದೆಯಾಗಿರುವ ಜಾಗವೇ ಮೂಲ.

ಮೇಲಿನ ವಾಲ್ವ್ ಕವರು ಒಣಗಿತ್ತು. ಮುಂದಿನ ಟೈಮಿಂಗ್ ಕವರು ಒಣಗಿತ್ತು. ಆಯಿಲ್ ಫಿಲ್ಟರ್ ಕೂರುವ ಜಾಗ ಒಣಗಿತ್ತು. ಎಗ್ಸಾಸ್ಟ್ ಮ್ಯಾನಿಫೋಲ್ಡಿನ ಕೆಳಗೆ, ಕೈಗೂ ಕಣ್ಣಿಗೂ ಸುಲಭವಾಗಿ ಸಿಗದ ಕಡೆ, ಟ್ಯಾಪೆಟ್ ಕವರ್ ಎನ್ನುವ ಎರಡು ತಗಡಿನ ಮುಚ್ಚಳಗಳಿವೆ. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಕನ್ನಡಿ ಹಿಡಿದು ನೋಡಿದೆ. ಮುಂದಿನ ಮುಚ್ಚಳದ ಕೆಳ ಅಂಚಿನಲ್ಲಿ ಬಿಳಿ ಪೌಡರು ಕಪ್ಪು ಗೆರೆಯಾಗಿತ್ತು. ಗೆರೆ ಬ್ಲಾಕಿನ ಪಕ್ಕದಲ್ಲಿ ಇಳಿದು, ಚೇಂಬರಿನ ಅಂಚು ಸಿಕ್ಕಲ್ಲಿ ಹಿಂದಕ್ಕೆ ತಿರುಗಿ, ಆ ಅಂಚನ್ನೇ ಕಾಲುವೆ ಮಾಡಿಕೊಂಡು ಸೀದಾ ಕ್ಲಚ್ ಗೂಡಿನವರೆಗೆ ಹೋಗಿತ್ತು. ಹನಿ ಬೀಳುತ್ತಿದ್ದುದು ಅಲ್ಲಿಂದ. ಗೂಡಿನ ತಳದ ತೂತಿನ ಪಿನ್ನು ಸ್ವಲ್ಪ ಜಿಡ್ಡಾಗಿತ್ತು, ಅಷ್ಟೆ. ಹಿಂದಿನ ಮರೆಯೇ ಕೆಟ್ಟಿದ್ದರೆ ಎಣ್ಣೆ ಸುರಿಯಬೇಕಾದ್ದು ಆ ತೂತಿನಿಂದ, ಹೊರಮೈ ಒಣಗಿರಬೇಕಿತ್ತು. ಇಲ್ಲಿ ಅದು ತಿರುಗುಮುರುಗಾಗಿತ್ತು.

ನಾನು ಗೆದ್ದವಳಂತೆ ಹೊರಬಂದು ಹೇಳಿದೆ. ಮೇಸ್ತ್ರಿ ತಲೆಯಾಡಿಸಲಿಲ್ಲ. "ಆ ಪ್ಯಾಕಿಂಗು ಕಾರ್ಕಿಂದು. ಹಳೇದಾದ್ರೆ ಒಣಗಿ ಗಟ್ಟಿಯಾಗುತ್ತೆ, ಸರಿ. ಆದ್ರೆ ನಿಂತಿದ್ದ ಗಾಡಿ, ಇದ್ದಕ್ಕಿದ್ದಂಗೆ ಇಷ್ಟು ಯಾಕೆ ಕಕ್ಕುತ್ತೆ? ಯಾರೋ ಒಳಗಿಂದ ತಳ್ತಾವ್ರೆ."

ಮತ್ತೆ ಎಂಜಿನ್ ಚಾಲೂ ಮಾಡಿಸಿ, ಆಯಿಲ್ ಹಾಕುವ ಮುಚ್ಚಳ ತೆಗೆಸಿದರು. ಆ ಬಾಯಿಗೆ ಒಂದು ಪ್ಲಾಸ್ಟಿಕ್ ಕವರನ್ನು ಸುತ್ತಿ ಹಿಡಿ ಅಂದರು. ಕವರು ಬಲೂನಿನಂತೆ ಬುಸ್ಸನೆ ಉಬ್ಬಿತು.

ಎಂಜಿನ್ ಎಷ್ಟೇ ಚೆನ್ನಾಗಿರಲಿ, ಉರಿದ ಗಾಳಿಯ ಸ್ವಲ್ಪ ಭಾಗ ಪಿಸ್ಟನ್ ರಿಂಗುಗಳ ಸಂದಿನಲ್ಲಿ ಕೆಳಕ್ಕೆ ನುಸುಳುತ್ತದೆ. ಅದು ಹೊರಹೋಗಲು ಒಂದು ಮೂಗು ಬೇಕು. ಹಳೆಯ ಕಾರುಗಳಲ್ಲಿ ಒಂದು ಪೈಪು ರಸ್ತೆಯ ಕಡೆಗೆ ಬಾಯಿ ತೆರೆದುಕೊಂಡಿರುತ್ತಿತ್ತು. ಓಡುವಾಗ ಹಾಯುವ ಗಾಳಿ ಆ ಹೊಗೆಯನ್ನು ಎಳೆದುಕೊಳ್ಳುತ್ತಿತ್ತು. ಲೋಕದ ಲಕ್ಷಾಂತರ ಕಾರುಗಳು ಹೀಗೆ ರಸ್ತೆಗೆ ಉಸಿರು ಬಿಡುತ್ತಿದ್ದವು. ಲಾಸ್ ಏಂಜಲಿಸ್ ನಗರದ ಕಣ್ಣುರಿಸುವ ಹೊಗೆಮಂಜು ಯಾವುದರಿಂದ ಎಂದು ಹುಡುಕಿದ ಹಾಗೆನ್-ಸ್ಮಿಟ್ ಎಂಬ ರಸಾಯನ ವಿಜ್ಞಾನಿ, ಅದಕ್ಕೂ ಮುಂಚೆ ಅನಾನಸಿನ ಪರಿಮಳದ ಮೇಲೆ ಕೆಲಸ ಮಾಡಿದವರು. ಉರಿಯದ ಇಂಧನದ ಆವಿ ಬಿಸಿಲಿಗೆ ಸಿಕ್ಕಿ ಓಝೋನ್ ಆಗುವುದನ್ನು ಐವತ್ತರ ದಶಕದ ಆರಂಭದಲ್ಲಿ ಅವರು ತೋರಿಸಿಕೊಟ್ಟರು. ಎಂಜಿನ್ನಿನ ಆ ಮೂಗಿನಿಂದ ಬರುವ ಹೊಗೆಯನ್ನು ಮತ್ತೆ ಎಂಜಿನ್ನಿಗೇ ಕುಡಿಸುವ ಪಿಸಿವಿ ವಾಲ್ವು 1961ರ ಮಾದರಿಗಳಿಂದ ಕ್ಯಾಲಿಫೋರ್ನಿಯಾದ ಕಾರುಗಳಲ್ಲಿ, 1963ರ ಮಾದರಿಗಳಿಂದ ಅಮೆರಿಕದ ಉಳಿದೆಡೆ ಬಂತು. ಕಾರುಗಳಿಂದ ಹೊಗೆ ತಗ್ಗಿಸಲು ಹೂಡಿದ ಮೊದಲ ಉಪಾಯಗಳಲ್ಲಿ ಅದೊಂದು. ಅದರ ಜೊತೆಗೇ ಎಂಜಿನ್ನಿನೊಳಗಿನ ಒತ್ತಡ ತಗ್ಗಿ, ಸೀಲುಗಳ ಮೇಲಿನ ಭಾರವೂ ಇಳಿಯಿತು.

ನಮ್ಮ ಕಾರಿಗಿದ್ದದ್ದು ಹಳೆಯ ಕಾಲದ ಮೂಗು. ಟ್ಯಾಪೆಟ್ ಕವರಿನಿಂದ ಹೊರಟು ಕೆಳಗಿಳಿಯುವ ಪೈಪನ್ನು ಬಿಚ್ಚಿ ನೋಡಿದೆ. ತುದಿಯಲ್ಲಿ ಮಣ್ಣು. ಕೆಸರಲ್ಲ, ನುಣ್ಣಗೆ ಮೆತ್ತಿದ ಕೆಮ್ಮಣ್ಣು. ಕಾರು ನಿಂತಿದ್ದ ಒಂದೂವರೆ ವರ್ಷದಲ್ಲಿ ಕುಂಬಾರ ಹುಳು ಅಲ್ಲಿ ಗೂಡು ಕಟ್ಟಿ, ಮರಿ ಹಾರಿಸಿ, ಹೋಗಿತ್ತು. ಅದರ ಹಿಂದೆ ಎಣ್ಣೆಯ ಜಿಗುಟು ಮಡ್ಡಿ ಬಿರಡೆಯಂತೆ ಕೂತಿತ್ತು. ಆಯಿಲ್ ಮುಚ್ಚಳದೊಳಗಿನ ಜಾಲರಿಯೂ ಕಟ್ಟಿಹೋಗಿತ್ತು. ಎಂಜಿನ್ನಿನ ಮೂಗು ಬಾಯಿ ಎರಡೂ ಮುಚ್ಚಿದ್ದರಿಂದ ಒಳಗಿನ ಗಾಳಿ ಒಣಗಿದ ಕಾರ್ಕಿನ ಸಂದಿನಲ್ಲಿ ಎಣ್ಣೆಯನ್ನು ದೂಡಿಕೊಂಡು ಹೊರಬರುತ್ತಿತ್ತು. ಎಂಜಿನ್ ಇಳಿಸಿ ಹಿಂದಿನ ಭಾಗವನ್ನೆಲ್ಲ ಬಿಚ್ಚಿ ಜೋಡಿಸಿದ್ದರೂ ಇದು ನಿಲ್ಲುತ್ತಿರಲಿಲ್ಲ.

ಪೈಪನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ ತಂತಿ ತೂರಿಸಿ ತೊಳೆದೆವು. ಜಾಲರಿ ತೊಳೆದೆವು. ತುಮಕೂರಿನಿಂದ ಹೊಸ ಕಾರ್ಕ್ ಪ್ಯಾಕಿಂಗ್ ತರಿಸಿದೆವು. ಮೇಸ್ತ್ರಿ ತಮ್ಮ ಹಳೆಯ ಡಬ್ಬದಿಂದ ಶೆಲ್ಲಾಕ್ ತೆಗೆದು ತಗಡಿನ ಕಡೆಗೆ ಮಾತ್ರ ತೆಳ್ಳಗೆ ಸವರಿದರು. ಶೆಲ್ಲಾಕ್ ಅಂದರೆ ನಮ್ಮ ಅರಗೇ. ಮರದ ಕೊಂಬೆಯ ಮೇಲೆ ಸಣ್ಣ ಹುಳುಗಳು ಸುರಿಸುವ ಅಂಟು. ಲಕೋಟೆಗೆ ಮುದ್ರೆ ಒತ್ತಲು ಬಳಸುತ್ತಿದ್ದುದೂ ಅದೇ. ಈಗ ಚುನಾವಣೆಯ ಶಾಯಿಗೆ ಹೆಸರಾದ ಮೈಸೂರಿನ ಕಾರ್ಖಾನೆ 1937ರಲ್ಲಿ ಶುರುವಾದಾಗ ಅದರ ಹೆಸರೇ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಒಂದು ಹುಳುವಿನ ಮಣ್ಣು ಮುಚ್ಚಿ ಕೆಡಿಸಿದ್ದನ್ನು ಇನ್ನೊಂದು ಹುಳುವಿನ ಅಂಟು ಹಾಕಿ ಸರಿಮಾಡುತ್ತಿದ್ದೆವು ಎಂದು ನನಗೆ ಆಮೇಲೆ ಹೊಳೆಯಿತು.

ಮುಚ್ಚಳದ ನಡುವೆ ಒಂದೇ ಬೋಲ್ಟು. ನಾನು ಸ್ಪ್ಯಾನರ್ ಹಾಕಿ ಬಲವಾಗಿ ಎಳೆಯಹೋದೆ. ಮೇಸ್ತ್ರಿ ಕೈ ಹಿಡಿದರು. "ಸಾಕು. ಜಾಸ್ತಿ ಬಿಗಿದ್ರೆ ತಗಡು ಬಾಗಿ, ಕಾರ್ಕು ಸೀಳಿ, ಮೊದ್ಲಿಗಿಂತ ಜಾಸ್ತಿ ಸೋರುತ್ತೆ. ಹೆದ್ರಿಕೊಂಡೋರು ಬಿಗೀತಾರೆ."

ಆ ರಾತ್ರಿ ಕಾರಿನ ಅಡಿಗೆ ರಟ್ಟು ಹಾಸಿ, ಅದರ ಮೇಲೆ ಮುಂದೆ, ಹಿಂದೆ, ಎಡ, ಬಲ ಎಂದು ಗುರುತು ಬರೆದೆವು. ಬೆಳಿಗ್ಗೆ ಎದ್ದು ನೋಡಿದರೆ ರಟ್ಟಿನ ಮೇಲೆ ಹಿಂದಿನ ಗುರುತಿನ ಹತ್ತಿರ, ಪಿನ್ನಿನ ಸರಿಯಾಗಿ ಕೆಳಗೆ, ರೂಪಾಯಿ ನಾಣ್ಯದಷ್ಟು ಒಂದು ಕಲೆ. ಬೇರೆಲ್ಲೂ ಇಲ್ಲ. ಅಪ್ಪನ ಮುಖ ಸಪ್ಪಗಾಯಿತು. "ಇನ್ನೂ ಸೋರ್ತಾ ಇದೆಯಲ್ಲ ಮೇಸ್ತ್ರಿ?"

"ಇದು ಕಾಯಿಲೆ ಅಲ್ಲ ಮೇಷ್ಟ್ರೇ, ಇದು ಅದರ ಸ್ವಭಾವ. ಹೊಸದಾಗಿ ಬಂದಾಗ್ಲೂ ಇಷ್ಟು ಬಿಡ್ತಿತ್ತು. ನಿಮ್ಮ ತಂದೆಯೋರು ಒಂದಿನಾನೂ ಕೇಳ್ಲಿಲ್ಲ. ಇದು ಜಾಸ್ತಿಯಾದ್ರೆ ಹೇಳಿ, ಕ್ಲಚ್ಚು ಜಾರಿದ್ರೆ ಹೇಳಿ, ಸೈಲೆನ್ಸರ್ ಮೇಲೆ ಬಿದ್ದು ಸುಟ್ಟ ವಾಸನೆ ಬಂದ್ರೆ ಆವತ್ತೇ ಹೇಳಿ. ಇಲ್ಲಾಂದ್ರೆ ಡಿಪ್ ಸ್ಟಿಕ್ ನೋಡ್ಕೊಂಡು ಓಡಿಸ್ತಿರಿ."

ಅಪ್ಪ ಹೈಸ್ಕೂಲಿನಲ್ಲಿ ಗಣಿತ ಹೇಳಿದವರು. ಶೂನ್ಯವಲ್ಲದ ಉತ್ತರವನ್ನು ಒಪ್ಪಿಕೊಳ್ಳಲು ಅವರಿಗೆ ಎರಡು ದಿನ ಬೇಕಾಯಿತು. ಮೂರನೆಯ ದಿನ ತಾವೇ ಕಾರನ್ನು ಆರ್‌ಟಿಒ ಕಚೇರಿಗೆ ಒಯ್ದರು. ಇನ್ಸ್‌ಪೆಕ್ಟರು ಬಾನೆಟ್ ಎತ್ತಿಸಿ ನೋಡಿ, ಹಾರ್ನು, ಲೈಟು, ಬ್ರೇಕು ನೋಡಿ, ಹೊಗೆಯ ಚೀಟಿ ನೋಡಿ ಪಾಸು ಮಾಡಿದರು. ಇನ್ನೈದು ವರ್ಷಕ್ಕೆ ಕಾಗದ ಸಿಕ್ಕಿತು.

ಗ್ಯಾರೇಜಿನ ಆ ಹುಡುಗ ಸುಳ್ಳು ಹೇಳಿದ ಎಂದು ನನಗನ್ನಿಸುವುದಿಲ್ಲ. ಎಣ್ಣೆ ಬೀಳುತ್ತಿದ್ದ ಜಾಗವನ್ನು ಅವನು ಸರಿಯಾಗಿಯೇ ಹೇಳಿದ್ದ. ಅವನು ಕಲಿತ ಕಾರುಗಳಲ್ಲಿ ಅಲ್ಲೊಂದು ರಬ್ಬರ್ ಸೀಲು ಇರುತ್ತದೆ, ಎಣ್ಣೆ ಬಿದ್ದರೆ ಅದು ಹೋಗಿದೆ ಎಂದೇ ಅರ್ಥ. ಈ ಕಾರು ಬೇರೆ ಕಾಲದ್ದು. ಇಲ್ಲಿ ಸೀಲೇ ಇಲ್ಲ, ಹೋಗಲು. ನಾನು ಮಾಡಿದ ತಪ್ಪು ಅದಕ್ಕಿಂತ ದೊಡ್ಡದು. 'ಮೊದಲ ಬಸ್ಸು' ಎಂಬ ಮಾತನ್ನು ಆ ಕಾಲದವರು ಯಾವ ಅರ್ಥದಲ್ಲಿ ಬಳಸುತ್ತಿದ್ದರು ಎಂದು ನಾನು ಕೇಳಿಯೇ ಇರಲಿಲ್ಲ. ಪರವಾನಗಿ ಪಡೆದ ಬಸ್ಸೋ, ಜಾತ್ರೆಗೆ ಜನ ತುಂಬಿಕೊಂಡು ಬಂದ ಲಾರಿಯೋ? ಅಧ್ಯಾಯದಿಂದ ಆ ವರ್ಷವನ್ನು ತೆಗೆದುಹಾಕಿದೆ. ಅದರ ಜಾಗದಲ್ಲಿ, ಈ ಮಾತು ಮೊದಲು ಯಾವ ಸಂಚಿಕೆಯಲ್ಲಿ ಕಾಣಿಸಿಕೊಂಡಿತು, ಅಲ್ಲಿಂದ ಯಾವ ದಾರಿಯಲ್ಲಿ ಮೂರು ಪುಸ್ತಕಗಳಿಗೆ ಇಳಿಯಿತು ಎಂಬುದನ್ನಷ್ಟೇ ಬರೆದೆ. ಅಧ್ಯಾಯ ಎರಡು ಪುಟ ತೆಳ್ಳಗಾಯಿತು. ಮಾರ್ಗದರ್ಶಕರು ಈ ಸಲ ಅಂಚಿನಲ್ಲಿ ಏನೂ ಬರೆಯಲಿಲ್ಲ.

ನಾನು ಬೆಂಗಳೂರಿಗೆ ಹೊರಟ ದಿನ ಅಪ್ಪ ಅದೇ ಕಾರಿನಲ್ಲಿ ರೈಲ್ವೆ ಸ್ಟೇಷನ್ನಿಗೆ ಬಿಟ್ಟರು. ಹೊರಡುವ ಮುಂಚೆ ಬಾನೆಟ್ ಎತ್ತಿ ಡಿಪ್ ಸ್ಟಿಕ್ ಒರೆಸಿ ನೋಡಿದರು. ತಾತ ನೋಡುತ್ತಿದ್ದ ಹಾಗೇ, ಕಣ್ಣಿಗೆ ಹತ್ತಿರ ಹಿಡಿದು. ಕಾರು ಹೊರಬಂದ ಮೇಲೆ ಹಿಂತಿರುಗಿ ನೋಡಿದೆ. ಅಜ್ಜಿ ಶೆಡ್ಡಿನೊಳಗೆ ಬಗ್ಗಿ, ತೊಳೆದ ತಟ್ಟೆಯನ್ನು ಕಲೆಯ ಮೇಲೆ ಇಡುತ್ತಿದ್ದಳು.